ಬ್ಯಾಲೆ ಮೇಳಗಳೂ ಅವುಗಳ ಪ್ರಯೋಗಭಂಡಾರವೂ

ಕವಿಯು ತೀರಿಕೊಂಡರೆ ಅವನ ಕಾವ್ಯ ಉಳಿಯುತ್ತದೆ. ಚಿತ್ರಕಾರನು ತೀರಿಕೊಂಡರೆ ಅವನ ಪಟಗಳು ಉಳಿಯುತ್ತವೆ. ಪಾಶ್ಚಾತ್ಯ ಸಂಗೀತರಚನಕಾರನಿಗೆ ಸ್ವರಲಿಪಿಯ ಆಸರೆಯುಂಟು. ನೃತ್ಯವನ್ನು ಸಂಯೋಜಿಸುವವನ ಪಾಡು ಬೇರೆ. ಅವನ ಕೃತಿಯಿರುವುದು ನರ್ತಕರ ಮೈಯಲ್ಲಿ. ಆ ನರ್ತಕರು ಮರೆತರೆ, ಚದರಿದರೆ, ಮುಪ್ಪಾದರೆ ಕೃತಿಯೂ ಅವರೊಡನೆ ಇಲ್ಲವಾಗುತ್ತದೆ. ಆದುದರಿಂದ ನೃತ್ಯಕಲೆಯ ಇತಿಹಾಸವೆಂಬುದು ಬಹುಮಟ್ಟಿಗೆ ಮೇಳಗಳ ಇತಿಹಾಸವೇ ಆಗಿದೆ. ಮೇಳವು ಬಾಳಿದಷ್ಟು ಕಾಲ ಕೃತಿಯೂ ಬಾಳುತ್ತದೆ. ಮೇಳವು ಒಡೆದರೆ ಕೃತಿಯ ಗತಿಯೇನು ಎಂಬುದೇ ಈ ಲೇಖನದ ವಿಚಾರ.

ಮೊದಲಿಗೆ ಪರಿಭಾಷೆಯ ಬಗೆಗೆ ಎರಡು ಮಾತು. ಒಂದು ಮೇಳವು ಬೇಕೆಂದಾಗ ಆಡಿ ತೋರಿಸಬಲ್ಲ ಕೃತಿಗಳ ಒಟ್ಟು ಮೊತ್ತವನ್ನು ಇಲ್ಲಿ ಪ್ರಯೋಗಭಂಡಾರವೆಂದು ಕರೆದಿದ್ದೇನೆ. ಕಲಾನಿರ್ದೇಶಕನೆಂದರೆ ಚಲನಚಿತ್ರಗಳಲ್ಲಿರುವಂತೆ ದೃಶ್ಯಸಜ್ಜಿಕೆಯ ಅಧಿಕಾರಿಯಲ್ಲ. ಯಾವ ಕೃತಿಯನ್ನು ಆಡಬೇಕು, ಯಾರಿಂದ ಸಂಯೋಜನೆ ಮಾಡಿಸಬೇಕು, ಯಾರು ಕುಣಿಯಬೇಕು ಎಂಬುದನ್ನು ನಿರ್ಣಯಿಸುವ ಮೇಳದ ಯಜಮಾನ. ಇವರಿಬ್ಬರ ನಡುವೆ, ಪ್ರೇಕ್ಷಕರ ಕಣ್ಣಿಗೆ ಬೀಳದ ಮೂರನೆಯವನೊಬ್ಬನಿದ್ದಾನೆ. ಅವನನ್ನು ಯೂರೋಪಿನಲ್ಲಿ ರೆಜಿಸರ್ ಎನ್ನುತ್ತಾರೆ. ಅಭ್ಯಾಸವನ್ನು ನಡೆಸುವುದು, ಹಳೆಯ ಕೃತಿಗಳ ಹೆಜ್ಜೆಗಳನ್ನು ನೆನಪಿನಲ್ಲಿಟ್ಟು ಹೊಸಬರಿಗೆ ಹೇಳಿಕೊಡುವುದು, ಪಾತ್ರಧಾರಿಗಳ ಪಟ್ಟಿಯನ್ನು ಬರೆದಿಡುವುದು ಅವನ ಕೆಲಸ. ನಮ್ಮ ಯಕ್ಷಗಾನದಲ್ಲಿ ಪ್ರಸಂಗದ ನಡೆಯನ್ನೆಲ್ಲ ಬಲ್ಲ ಭಾಗವತನು ಆಟವನ್ನು ಹಿಡಿದು ನಡೆಸುವುದನ್ನು ಕಂಡವರಿಗೆ ಈ ಸ್ಥಾನದ ಮಹತ್ವವು ಸುಲಭವಾಗಿ ತಿಳಿದೀತು.

ನಾನು ಬ್ಯಾಂಕಿನ ಕೆಲಸದವನು. ನಮ್ಮಲ್ಲಿ ಒಬ್ಬ ಅಧಿಕಾರಿಗೆ ವರ್ಗವಾದರೆ ಅವನು ಹಾಗೆಯೇ ಎದ್ದು ಹೋಗುವಂತಿಲ್ಲ. ನಗದನ್ನೆಣಿಸಿ, ಒತ್ತೆಯ ಒಡವೆಗಳನ್ನು ತಾಳೆ ನೋಡಿ, ಬೀಗದ ಕೈಗಳನ್ನು ಒಪ್ಪಿಸಿ, ಬಂದವನಿಂದ ರುಜು ಪಡೆದಮೇಲೆಯೇ ಅವನಿಗೆ ಬಿಡುಗಡೆ. ಕಚೇರಿಯನ್ನು ಎಷ್ಟು ಬೆಳೆಸಿದನೆಂಬುದು ಒಂದು ಲೆಕ್ಕ. ಏನನ್ನು ಒಪ್ಪಿಸಿ ಹೋದನೆಂಬುದು ಇನ್ನೊಂದು. ಕಲಾನಿರ್ದೇಶಕರನ್ನು ಚರಿತ್ರಕಾರರು ಸಾಮಾನ್ಯವಾಗಿ ಮೊದಲನೆಯ ಲೆಕ್ಕದಿಂದಲೇ ಅಳೆಯುತ್ತಾರೆ. ಎರಡನೆಯದನ್ನೂ ಜೊತೆಗಿಟ್ಟು ನೋಡಿದರೆ ಚಿತ್ರವು ಬಹಳ ಮಟ್ಟಿಗೆ ಬದಲಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯ ಲೆಕ್ಕದಲ್ಲಿ ಸೆರ್ಗೇಯ್ ಡಿಯಾಗಿಲೆವನನ್ನು ಮೀರಿಸಿದವರಿಲ್ಲ. ೧೮೭೨ರಲ್ಲಿ ರಷ್ಯದ ನೊವ್ಗೊರೊಡ್ ಪ್ರಾಂತದಲ್ಲಿ ಜನಿಸಿದ ಈತನು ನರ್ತಕನಲ್ಲ, ನೃತ್ಯಸಂಯೋಜಕನಲ್ಲ, ಚಿತ್ರಕಾರನೂ ಅಲ್ಲ. ಓದಿದ್ದು ಕಾನೂನು, ಆಸೆಪಟ್ಟದ್ದು ಸಂಗೀತರಚನೆಗೆ, ಅದರಲ್ಲಿ ತನಗೆ ಪ್ರತಿಭೆಯಿಲ್ಲವೆಂಬುದನ್ನು ಅವನು ಬೇಗನೆ ಕಂಡುಕೊಂಡನು. ಗೆಳೆಯರೊಡನೆ ಕೂಡಿ ‘ಕಲಾಲೋಕ’ವೆಂಬ ಅರ್ಥದ ಹೆಸರಿನ ಪತ್ರಿಕೆಯೊಂದನ್ನು ನಡೆಸಿದನು. ೧೯೦೫ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ರಷ್ಯನ್ ಭಾವಚಿತ್ರಗಳ ಮಹಾಪ್ರದರ್ಶನವನ್ನೂ, ೧೯೦೬ರಲ್ಲಿ ಪ್ಯಾರಿಸಿನಲ್ಲಿ ರಷ್ಯನ್ ಚಿತ್ರಕಲೆಯ ಪ್ರದರ್ಶನವನ್ನೂ ಏರ್ಪಡಿಸಿದನು. ೧೯೦೮ರಲ್ಲಿ ಷಾಲ್ಯಾಪಿನ್ ಎಂಬ ಮಹಾಗಾಯಕನನ್ನು ಮುಂದಿಟ್ಟು ‘ಬೊರಿಸ್ ಗೊಡುನೊವ್’ ಗೀತನಾಟಕವನ್ನು ಅಲ್ಲಿಗೆ ಕೊಂಡೊಯ್ದನು. ೧೯೦೯ರ ಮೇ ೧೯ರಂದು ಪ್ಯಾರಿಸಿನ ಷಾತ್ಲೇ ರಂಗಮಂದಿರದಲ್ಲಿ ಅವನ ಬ್ಯಾಲೆಯ ಮೊದಲ ಋತು ಆರಂಭವಾಯಿತು. ಮೊದಲೆರಡು ವರ್ಷ ಚಕ್ರವರ್ತಿಯ ರಂಗಮಂದಿರದ ನರ್ತಕರು ಬೇಸಗೆಯ ಬಿಡುವಿನಲ್ಲಿ ಬಂದು ಕುಣಿದು ಹೋಗುತ್ತಿದ್ದರು. ೧೯೧೧ರಲ್ಲಿ ಅದು ಸ್ಥಾಯಿಯಾದ ಸ್ವಂತ ಮೇಳವಾಯಿತು. ‘ರಷ್ಯನ್ ಬ್ಯಾಲೆ’ ಎಂದೇ ಲೋಕಪ್ರಸಿದ್ಧವಾದ ಈ ಮೇಳವು ತನ್ನ ಇಪ್ಪತ್ತು ವರ್ಷಗಳ ಬಾಳಿನಲ್ಲಿ ರಷ್ಯದಲ್ಲಿ ಒಮ್ಮೆಯೂ ಕುಣಿಯಲಿಲ್ಲ. ಹೊರನಾಡಿಗರಾದ ನಾವು ಈ ಸಂಗತಿಯನ್ನು ಗಮನಿಸತಕ್ಕದ್ದು.

ಡಿಯಾಗಿಲೆವನ ಸೃಷ್ಟಿಶಕ್ತಿಯೆಲ್ಲ ಆಯ್ಕೆಯಲ್ಲಿತ್ತು. ಅವನ ಭಂಡಾರಕ್ಕೆ ಮೊದಲು ಕೃತಿಗಳನ್ನು ಕೊಟ್ಟವನು ಫೋಕಿನ್. ೧೯೧೦ರ ‘ಷೆಹೆರಜಾದೆ’ ಮತ್ತು ‘ಅಗ್ನಿಪಕ್ಷಿ’, ೧೯೧೧ರ ‘ಪೆಟ್ರುಷ್ಕ’ ಅವನವು. ಆ ಮೇಲೆ ನಿಜಿನ್ಸ್ಕಿ, ಮಾಸೀನ್, ನಿಜಿನ್ಸ್ಕಿಯ ತಂಗಿ ನಿಜಿನ್ಸ್ಕಾ, ಕೊನೆಗೆ ಬ್ಯಾಲನ್‌ಷೀನ್ ಹೀಗೆ ಐವರು ಸಂಯೋಜಕರು ಒಬ್ಬರಾದ ಮೇಲೊಬ್ಬರು ಬಂದರು. ಹೆಚ್ಚು ಪರಿಚಿತನಲ್ಲದ ಸ್ಟ್ರಾವಿನ್ಸ್ಕಿ ಎಂಬ ತರುಣನಿಂದ ‘ಅಗ್ನಿಪಕ್ಷಿ’ಗೆ ಸಂಗೀತವನ್ನು ಬರೆಸಿದವನು ಡಿಯಾಗಿಲೆವ್, ೧೯೧೭ರ ‘ಪೆರೇಡ್’ ಕೃತಿಗಾಗಿ ಪಿಕಾಸೊನನ್ನು ರಂಗಭೂಮಿಗೆ ಕರೆತಂದವನೂ ಅವನೇ. ಒಬ್ಬ ಸಂಯೋಜಕನ ಶೈಲಿಯು ನೆಲೆಗೊಳ್ಳುವಷ್ಟರಲ್ಲಿ ಅವನ ಕಣ್ಣು ಮತ್ತೊಬ್ಬನ ಮೇಲೆ ಹೋಗುತ್ತಿತ್ತು. ಮೇಳದ ತೇಜಸ್ಸಿಗೆ ಕಾರಣವಾದ ಈ ಗುಣವೇ ಅದರ ಭಂಡಾರದ ಬಿರುಕಿಗೂ ಕಾರಣವಾಯಿತು.

ಇದಕ್ಕೆ ‘ವಸಂತೋತ್ಸವ’ವೆಂದು ನಾವು ಕರೆಯಬಹುದಾದ ಕೃತಿಯ ಕಥೆಯೇ ನಿದರ್ಶನ. ಸ್ಟ್ರಾವಿನ್ಸ್ಕಿಯ ಸಂಗೀತಕ್ಕೆ ನಿಜಿನ್ಸ್ಕಿಯು ಸಂಯೋಜಿಸಿದ ಈ ಬ್ಯಾಲೆ ೧೯೧೩ರ ಮೇ ೨೯ರಂದು ಪ್ಯಾರಿಸಿನಲ್ಲಿ ಮೊದಲು ಪ್ರದರ್ಶಿತವಾದಾಗ ಪ್ರೇಕ್ಷಕರ ಕೂಗಾಟದಲ್ಲಿ ವಾದ್ಯವೃಂದದ ಧ್ವನಿಯೇ ಅಡಗಿಹೋಯಿತೆಂಬುದು ಪ್ರಸಿದ್ಧವಾದ ಸಂಗತಿ. ಅದಕ್ಕಿಂತ ಮುಖ್ಯವಾದುದು ಮುಂದೆ ನಡೆದದ್ದು. ಪ್ಯಾರಿಸ್ ಮತ್ತು ಲಂಡನ್ನುಗಳಲ್ಲಿ ಕೆಲವೇ ಪ್ರದರ್ಶನಗಳಾದವು. ಅದೇ ವರ್ಷ ನಿಜಿನ್ಸ್ಕಿಯು ದಕ್ಷಿಣ ಅಮೆರಿಕದ ಪ್ರವಾಸದಲ್ಲಿ ಮದುವೆಯಾದನು. ಡಿಯಾಗಿಲೆವ್ ಕೋಪಗೊಂಡು ಅವನನ್ನು ಮೇಳದಿಂದ ತೆಗೆದುಹಾಕಿದನು. ಕೃತಿಯೂ ಅವನೊಡನೆ ಹೊರಬಿದ್ದಿತು. ಮಹಾಯುದ್ಧವು ಮುಗಿದು ೧೯೨೦ರಲ್ಲಿ ಅದನ್ನು ಮತ್ತೆ ಆಡಬೇಕೆಂದು ಹೊರಟಾಗ, ಏಳು ವರ್ಷಗಳ ಹಿಂದಿನ ಹೆಜ್ಜೆಗಳನ್ನು ಕೂಡಿಸಿ ಹೇಳಬಲ್ಲವರು ಮೇಳದಲ್ಲಿ ಯಾರೂ ಇರಲಿಲ್ಲ. ಮಾಸೀನನು ಅದೇ ಸಂಗೀತಕ್ಕೆ ಬೇರೊಂದು ನೃತ್ಯವನ್ನೇ ರಚಿಸಬೇಕಾಯಿತು. ನಿಜಿನ್ಸ್ಕಿಯ ಕೃತಿಯನ್ನು ಹೋಲುವ ಪುನಾರಚನೆಯು ಲೋಕಕ್ಕೆ ಮತ್ತೆ ಕಾಣಿಸಿದ್ದು ೧೯೮೭ರಲ್ಲಿ, ಅಮೆರಿಕದ ಜಾಫ್ರಿ ಬ್ಯಾಲೆಯಲ್ಲಿ; ಅಂದರೆ ಎಪ್ಪತ್ತನಾಲ್ಕು ವರ್ಷಗಳ ತರುವಾಯ. ಮಿಲಿಸೆಂಟ್ ಹಾಡ್ಸನ್ ಮತ್ತು ಕೆನೆತ್ ಆರ್ಚರ್ ಎಂಬ ಸಂಶೋಧಕರು ಅದಕ್ಕಾಗಿ ವರ್ಷಗಟ್ಟಲೆ ದುಡಿದರು. ಅವರಿಗೆ ಒದಗಿದ ಮುಖ್ಯ ಸಾಧನಗಳಲ್ಲೊಂದು ಮೇರಿ ರಾಂಬೇರಳು ಸ್ವರಲಿಪಿಯ ಪ್ರತಿಯ ಮೇಲೆ ಮಾಡಿಟ್ಟಿದ್ದ ಟಿಪ್ಪಣಿ. ಅಂದು ನಿಜಿನ್ಸ್ಕಿಗೆ ಸಹಾಯಕಳಾಗಿದ್ದ ಆಕೆಯ ಹೆಸರು ಆ ದಿನದ ಗದ್ದಲದಲ್ಲಿ ಯಾರ ಕಿವಿಗೂ ಬಿದ್ದಿರಲಿಕ್ಕಿಲ್ಲ.

ಡಿಯಾಗಿಲೆವನನ್ನು ಇದಕ್ಕಾಗಿ ಸುಲಭವಾಗಿ ದೂರುವುದು ನ್ಯಾಯವಲ್ಲ. ಪೀಟರ್ಸ್‌ಬರ್ಗಿನ ರಂಗಮಂದಿರಕ್ಕೆ ಚಕ್ರವರ್ತಿಯ ಬೊಕ್ಕಸವಿತ್ತು, ಶಾಲೆಯಿತ್ತು, ಸ್ವಂತ ಕಟ್ಟಡವಿತ್ತು. ಡಿಯಾಗಿಲೆವನಿಗೆ ಇವೊಂದೂ ಇರಲಿಲ್ಲ. ಪ್ರತಿ ಋತುವಿಗೂ ಹೊಸ ಹಣವನ್ನು ಹೊಂದಿಸಬೇಕು. ಹೊಸ ಹಣಕ್ಕೆ ಹೊಸ ಕೃತಿಯೇ ಆಧಾರ. ಹಳೆಯದನ್ನು ವೈಭವದಿಂದ ಆಡಲು ಒಮ್ಮೆ ಅವನು ಸಾಹಸ ಮಾಡಿ ಕೈಸುಟ್ಟುಕೊಂಡನು. ೧೮೯೦ರಲ್ಲಿ ಪೆಟಿಪಾ ಸಂಯೋಜಿಸಿದ, ಚೈಕೊವ್ಸ್ಕಿಯ ಸಂಗೀತದ ‘ನಿದ್ರಾಸುಂದರಿ’ಯನ್ನು ೧೯೨೧ರ ನವೆಂಬರಿನಲ್ಲಿ ಲಂಡನ್ನಿನ ಅಲ್ಹಾಂಬ್ರ ರಂಗಮಂದಿರದಲ್ಲಿ ಬಾಕ್ಸ್ಟನ ಅದ್ಭುತವಾದ ಪರದೆ ಉಡುಪುಗಳೊಡನೆ ತಂದನು. ನೂರಕ್ಕೂ ಮಿಕ್ಕಿ ಪ್ರದರ್ಶನಗಳಾದರೂ ಹಾಕಿದ ಹಣವು ಹುಟ್ಟಲಿಲ್ಲ. ೧೯೨೨ರ ಫೆಬ್ರವರಿಯಲ್ಲಿ ಆಟ ನಿಂತಿತು. ಪರದೆ ಉಡುಪುಗಳು ಬಂಡವಾಳ ಹೂಡಿದವನ ವಶವಾದುವು. ಆ ಬಳಿಕ ಅವನ ಮೇಳದಲ್ಲಿ ಉಳಿದದ್ದು ಆ ದೀರ್ಘ ಕೃತಿಯ ಒಂದಂಕದಷ್ಟು ಭಾಗ ಮಾತ್ರ. ಭಂಡಾರವನ್ನು ಕಾಯುವುದೂ ವೆಚ್ಚದ ಕೆಲಸವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಈ ಸೋಲಿನ ಹಿಂದೆ ಇನ್ನೊಬ್ಬ ವ್ಯಕ್ತಿಯಿದ್ದಾನೆ. ‘ನಿದ್ರಾಸುಂದರಿ’ಯ ಹೆಜ್ಜೆಗಳನ್ನು ಲಂಡನ್ನಿನಲ್ಲಿ ಹೇಳಿಕೊಟ್ಟವನು ನಿಕೊಲಾಯ್ ಸೆರ್ಗೆಯೆವ್. ಪೀಟರ್ಸ್‌ಬರ್ಗಿನ ರಂಗಮಂದಿರದಲ್ಲಿ ರೆಜಿಸರನಾಗಿದ್ದ ಈತನು ಕ್ರಾಂತಿಯ ನಂತರ ದೇಶವನ್ನು ಬಿಡುವಾಗ, ಸ್ಟೆಪನೊವನ ನೃತ್ಯಲಿಪಿಯಲ್ಲಿ ಬರೆದಿಟ್ಟಿದ್ದ ಹಳೆಯ ಬ್ಯಾಲೆಗಳ ಕಟ್ಟುಗಳನ್ನು ಜೊತೆಯಲ್ಲಿ ತಂದಿದ್ದನು. ಕಲಾವಿದನಾಗಿ ಅವನಿಗೆ ದೊಡ್ಡ ಹೆಸರಿಲ್ಲ. ಆದರೆ ೧೯೩೪ರಲ್ಲಿ ಲಂಡನ್ನಿನ ವಿಕ್-ವೆಲ್ಸ್ ಎಂಬ ಎಳೆಯ ಮೇಳವು ‘ಜಿಸೆಲ್’, ‘ಹಂಸಸರೋವರ’, ‘ನಟ್‌ಕ್ರ್ಯಾಕರ್’ಗಳನ್ನು ಆಡಿದ್ದು ಆ ಕಟ್ಟುಗಳ ಬಲದಿಂದ. ೧೯೩೯ರಲ್ಲಿ ‘ನಿದ್ರಾಸುಂದರಿ’ಯೂ ಅಲ್ಲಿಗೆ ಬಂದಿತು. ಎರಡನೆಯ ಮಹಾಯುದ್ಧದ ಅನಂತರ, ೧೯೪೬ರ ಫೆಬ್ರವರಿಯಲ್ಲಿ, ಕಾವೆಂಟ್ ಗಾರ್ಡನ್ ರಂಗಮಂದಿರದ ಬಾಗಿಲು ಮತ್ತೆ ತೆರೆದದ್ದೂ ಅದೇ ಕೃತಿಯಿಂದ. ಅಲ್ಹಾಂಬ್ರದಲ್ಲಿ ದಿವಾಳಿಯೆದ್ದ ಕೃತಿಯು ಇಪ್ಪತ್ತೈದು ವರ್ಷಗಳೊಳಗೆ ಇಂಗ್ಲೆಂಡಿನ ರಾಷ್ಟ್ರೀಯ ಮೇಳದ ಅಸ್ತಿಭಾರವಾಯಿತು. ಆ ಕಟ್ಟುಗಳು ಇಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿವೆ.

೧೯೨೯ರ ಆಗಸ್ಟ್ ೧೯ರಂದು ಡಿಯಾಗಿಲೆವ್ ವೆನಿಸಿನಲ್ಲಿ ತೀರಿಕೊಂಡನು. ನರ್ತಕರೆಲ್ಲ ಬೇಸಗೆಯ ಬಿಡುವಿನಲ್ಲಿ ಅಲ್ಲಲ್ಲಿಗೆ ಚದರಿದ್ದರು. ಅವರು ಮತ್ತೆ ಒಂದೆಡೆ ಸೇರಲಿಲ್ಲ. ಉತ್ತರಾಧಿಕಾರಿಯನ್ನು ಅವನು ನೇಮಿಸಿರಲಿಲ್ಲ, ಶಾಲೆಯನ್ನು ಸ್ಥಾಪಿಸಿರಲಿಲ್ಲ, ನೃತ್ಯಗಳನ್ನು ಚಲನಚಿತ್ರಕ್ಕೆ ಇಳಿಸಲು ಒಪ್ಪಿರಲಿಲ್ಲ. ಇಪ್ಪತ್ತು ವರ್ಷ ಯೂರೋಪಿನ ಅಭಿರುಚಿಯನ್ನು ಆಳಿದ ಮೇಳವು ಯಜಮಾನನ ಉಸಿರಿನೊಡನೆಯೇ ನಿಂತುಹೋಯಿತು. ಪರದೆಗಳೂ ಉಡುಪುಗಳೂ ಕೈಯಿಂದ ಕೈಗೆ ಹೋಗಿ, ಇಂದು ಲಂಡನ್ನಿನ ಮತ್ತು ಆಸ್ಟ್ರೇಲಿಯದ ಕ್ಯಾನ್‌ಬೆರದ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಇವೆ.

ಅವನು ಬಿಟ್ಟುಹೋದದ್ದು ಜನರನ್ನು. ಅವನಲ್ಲಿ ಕುಣಿದಿದ್ದ ನಿನೆಟ್ ಡಿ ವಾಲ್ವಾ ೧೯೩೧ರಲ್ಲಿ ಮೇಲೆ ಹೇಳಿದ ವಿಕ್-ವೆಲ್ಸ್ ಮೇಳವನ್ನು ಕಟ್ಟಿದಳು. ೧೯೫೬ರಲ್ಲಿ ರಾಜಶಾಸನದ ಮೂಲಕ ರಾಯಲ್ ಬ್ಯಾಲೆಯಾದದ್ದು ಅದೇ. ರಾಂಬೇರಳು ಇಂಗ್ಲೆಂಡಿನಲ್ಲಿ ತನ್ನದೇ ಮೇಳವನ್ನು ಬೆಳೆಸಿದಳು. ಲಿಫಾರನು ಪ್ಯಾರಿಸ್ ಒಪೆರಾದ ಬ್ಯಾಲೆಗೆ ಮುಖ್ಯಸ್ಥನಾದನು. ಬ್ಯಾಲನ್‌ಷೀನನು ೧೯೩೩ರಲ್ಲಿ ಅಮೆರಿಕಕ್ಕೆ ಹೋದನು. ಇವರೆಲ್ಲರ ನಡುವೆ ಸೆರ್ಗೇಯ್ ಗ್ರಿಗೋರಿಯೆವನೆಂಬುವನನ್ನು ನಾವು ಮರೆಯಬಾರದು. ೧೯೦೯ರಿಂದ ೧೯೨೯ರವರೆಗೆ, ಸಂಯೋಜಕರು ಬಂದರೂ ಹೋದರೂ, ರೆಜಿಸರನಾಗಿ ಕುರ್ಚಿ ಬಿಡದೆ ಕುಳಿತವನು ಅವನು. ೧೯೫೪ರಲ್ಲಿ ‘ಅಗ್ನಿಪಕ್ಷಿ’ಯನ್ನೂ ೧೯೫೭ರಲ್ಲಿ ‘ಪೆಟ್ರುಷ್ಕ’ವನ್ನೂ ಆಡಬೇಕೆಂದು ಲಂಡನ್ನಿನ ಮೇಳವು ಬಯಸಿದಾಗ ಕರೆಕಳುಹಿದ್ದು ಈ ವೃದ್ಧನಿಗೂ ಅವನ ಪತ್ನಿ ಚೆರ್ನಿಷೇವಳಿಗೂ. ಡಿಯಾಗಿಲೆವನ ಉಯಿಲೆಂಬುದು ಇದ್ದರೆ ಅದು ಗ್ರಿಗೋರಿಯೆವನ ನೆನಪಿನಲ್ಲಿತ್ತು ಎನ್ನಬಹುದು.

ಬೇರೆ ದಾರಿಗಳೂ ಇದ್ದುವೆಂಬುದಕ್ಕೆ ಡೆನ್ಮಾರ್ಕಿನ ನಿದರ್ಶನವಿದೆ. ಆಗಸ್ಟ್ ಬೂರ್ನೊನ್ವಿಲ್ ಎಂಬುವನು ೧೮೩೦ರಿಂದ ೧೮೭೭ರವರೆಗೆ, ನಡುವೆ ಅಲ್ಪಸ್ವಲ್ಪ ಬಿಡುವು ಬಿಟ್ಟರೆ, ಕೋಪನ್‌ಹೇಗನ್ನಿನ ರಾಜಮೇಳವನ್ನು ನಡೆಸಿದನು. ೧೮೩೬ರ ‘ಲಾ ಸಿಲ್ಫೀಡ್’, ೧೮೪೨ರ ‘ನೇಪೊಲಿ’ ಅವನ ಕೃತಿಗಳಲ್ಲಿ ಮುಖ್ಯವಾದವು. ೧೮೭೯ರಲ್ಲಿ ಅವನು ಸಾಯುವುದಕ್ಕೆ ಕೆಲವೇ ದಿನ ಮುಂಚೆ ಹಾನ್ಸ್ ಬೆಕ್ ಎಂಬ ತರುಣನ ರಂಗಪ್ರವೇಶವಾಯಿತು. ಮುಂದೆ ಮೇಳದ ಮುಖ್ಯಸ್ಥನಾದ ಬೆಕ್ಕನ ಕಾಲದಲ್ಲಿ ಹಿರಿಯನ ಕೃತಿಗಳಿಂದಲೂ ಪಾಠಗಳಿಂದಲೂ ಆರಿಸಿದ ನಡೆಗಳನ್ನು ವಾರದ ದಿನಕ್ಕೊಂದರಂತೆ ಪಾಠಕ್ರಮವಾಗಿ ಜೋಡಿಸಿದರು. ಸೋಮವಾರದ ಪಾಠ, ಮಂಗಳವಾರದ ಪಾಠ ಎಂದು ನರ್ತಕರ ತಲೆಮಾರುಗಳು ಅವನ್ನು ಅಭ್ಯಾಸಮಾಡಿದುವು. ಭಂಡಾರವನ್ನು ಕಪಾಟಿನಲ್ಲಿಡದೆ ದಿನದ ಊಟದಲ್ಲಿಯೇ ಬೆರೆಸಿದ ಉಪಾಯವಿದು. ಇದರಲ್ಲಿ ದೋಷವಿಲ್ಲದಿಲ್ಲ; ನಿತ್ಯವೂ ಒಂದೇ ಪಾಠವನ್ನು ಒಪ್ಪಿಸಿದ ಮೇಳಕ್ಕೆ ಹೊರಗಿನ ಗಾಳಿ ತಡವಾಗಿ ಬೀಸಿತು. ಆದರೂ ಒಂದೂವರೆ ಶತಮಾನದ ಹಿಂದಿನ ನೃತ್ಯವು ಮುರಿಯದ ಪರಂಪರೆಯಲ್ಲಿ ಜೀವಂತವಾಗಿ ನಮಗೆ ದೊರೆತಿರುವುದು ಅಲ್ಲಿ.

ಅಮೆರಿಕಕ್ಕೆ ಹೋದ ಬ್ಯಾಲನ್‌ಷೀನನು ಗುರುವಿನ ಪಾಡಿನಿಂದ ಪಾಠ ಕಲಿತನೆಂದೇ ತೋರುತ್ತದೆ. ಲಿಂಕನ್ ಕರ್ಸ್ಟೀನನ ನೆರವಿನಿಂದ ಅವನು ಮೊದಲು ತೆರೆದದ್ದು ಶಾಲೆಯನ್ನು, ೧೯೩೪ರ ಜನವರಿಯಲ್ಲಿ. ನ್ಯೂಯಾರ್ಕ್ ಸಿಟಿ ಬ್ಯಾಲೆ ಎಂಬ ಹೆಸರಿನ ಮೇಳವು ರೂಪುಗೊಂಡದ್ದು ೧೯೪೮ರಲ್ಲಿ. ೧೯೮೩ರಲ್ಲಿ ಅವನು ತೀರಿಕೊಂಡಾಗ ಕೃತಿಗಳ ಹಕ್ಕುಗಳನ್ನು ಉಯಿಲಿನ ಮೂಲಕ ತನಗೆ ಬೇಕಾದವರಿಗೆ ಹಂಚಿದ್ದನು. ಅವರಲ್ಲಿ ಮುಖ್ಯರಾದವರು ಸೇರಿ ೧೯೮೭ರಲ್ಲಿ ಒಂದು ನ್ಯಾಸವನ್ನು ಏರ್ಪಡಿಸಿದರು. ಇಂದು ಯಾವ ದೇಶದ ಮೇಳವು ಅವನ ಕೃತಿಯನ್ನು ಆಡಬೇಕೆಂದರೂ ನ್ಯಾಸದ ಅನುಮತಿ ಬೇಕು. ಅನುಮತಿಯೊಡನೆ ಆ ಕೃತಿಯನ್ನು ಬಲ್ಲ ಹಿರಿಯರೊಬ್ಬರು ಬಂದು ಹೇಳಿಕೊಡುತ್ತಾರೆ. ಕೃತಿಯು ಕಾನೂನಿನ ದೃಷ್ಟಿಯಲ್ಲಿ ಆಸ್ತಿಯಾದದ್ದು ಈ ಶತಮಾನಗಳ ಕಥೆಯಲ್ಲಿ ಹೊಸ ಅಧ್ಯಾಯ.

ಈ ಕಥೆಯ ಒಂದು ಎಳೆ ನಮ್ಮ ದೇಶಕ್ಕೂ ಬಂದಿದೆ. ಡಿಯಾಗಿಲೆವನ ಮೊದಲ ಋತುವಿನಲ್ಲಿ ಕುಣಿದು, ಬಳಿಕ ಸ್ವಂತ ಮೇಳವನ್ನು ಕಟ್ಟಿದ ಆನಾ ಪಾವ್ಲೊವಾ ೧೯೨೩ರಲ್ಲಿ ಲಂಡನ್ನಿನಲ್ಲಿ ರಾಧಾಕೃಷ್ಣರ ನೃತ್ಯಕ್ಕಾಗಿ ಜೊತೆಗೂಡಿಸಿಕೊಂಡದ್ದು ಚಿತ್ರಕಲೆಯ ವಿದ್ಯಾರ್ಥಿಯಾಗಿದ್ದ ಉದಯಶಂಕರರನ್ನು. ಮುಂದೆ ಉದಯಶಂಕರರು ಭಾರತೀಯ ನೃತ್ಯಮೇಳವನ್ನು ಲೋಕವೆಲ್ಲ ಸುತ್ತಿಸಿ, ೧೯೩೦ರ ದಶಕದ ಕೊನೆಯಲ್ಲಿ ಆಲ್ಮೋರದಲ್ಲಿ ಕಲಾಕೇಂದ್ರವನ್ನು ಸ್ಥಾಪಿಸಿದರು. ಯುದ್ಧಕಾಲದ ಹಣದ ಮುಗ್ಗಟ್ಟಿನಲ್ಲಿ ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ತಯಾರಾಗಿ ೧೯೪೮ರಲ್ಲಿ ತೆರೆಕಂಡ ಅವರ ‘ಕಲ್ಪನಾ’ ಚಿತ್ರವು ಜನರನ್ನು ಸೆಳೆಯಲಿಲ್ಲ. ಆದರೆ ಅವರ ನೃತ್ಯವನ್ನು ಇಂದು ಕಣ್ಣಾರೆ ಕಾಣಲು ಇರುವ ಮುಖ್ಯ ಆಧಾರ ಆ ಚಿತ್ರವೇ. ೨೦೧೨ರಲ್ಲಿ ಅದನ್ನು ಸಂಸ್ಕರಿಸಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು.

ಆಲ್ಮೋರದಿಂದ ಚದರಿದವರಲ್ಲಿ ಶಾಂತಿ ಬರ್ಧನ್ ಒಬ್ಬರು. ಪೂರ್ವ ಬಂಗಾಳದವರಾದ ಅವರು ಮುಂಬಯಿಗೆ ಬಂದು ಜನನಾಟ್ಯ ಸಂಘದ ಕೇಂದ್ರ ತಂಡಕ್ಕೆ ನೃತ್ಯಗಳನ್ನು ಸಂಯೋಜಿಸಿದರು. ೧೯೫೨ರಲ್ಲಿ ಇದೇ ಮುಂಬಯಿಯಲ್ಲಿ ಲಿಟ್ಲ್ ಬ್ಯಾಲೆ ಟ್ರೂಪ್ ಎಂಬ ಮೇಳವನ್ನು ಕಟ್ಟಿದರು. ಅವರ ‘ರಾಮಾಯಣ’ದಲ್ಲಿ ನರ್ತಕರು ಸೂತ್ರದ ಬೊಂಬೆಗಳಂತೆ ಚಲಿಸುತ್ತಾರೆ, ಮನುಷ್ಯದೇಹವು ಮರದ ಗೊಂಬೆಯ ನಿಯಮಕ್ಕೆ ಒಳಗಾಗಿ ಪುರಾಣಕಥೆಯನ್ನು ಹೇಳುತ್ತದೆ. ಕ್ಷಯದಿಂದ ನರಳುತ್ತಿದ್ದ ಬರ್ಧನರು ೧೯೫೪ರಲ್ಲಿ ತೀರಿಕೊಂಡರು. ಮೇಳಕ್ಕೆ ಎರಡು ವರ್ಷವಷ್ಟೇ ತುಂಬಿತ್ತು. ‘ಪಂಚತಂತ್ರ’ ಎಂಬ ಎರಡನೆಯ ಕೃತಿ ಇನ್ನೂ ಪೂರ್ಣವಾಗಿರಲಿಲ್ಲ. ಹಣ, ಕಟ್ಟಡ, ಸರಕಾರದ ಆಸರೆ ಯಾವ ಲೆಕ್ಕದಿಂದ ನೋಡಿದರೂ ಡಿಯಾಗಿಲೆವನ ಮೇಳಕ್ಕಿಂತ ಇದು ಬಡಮೇಳ. ಇದು ಒಡೆಯುವುದೇ ಸಹಜವಾಗಿತ್ತು.

ಒಡೆಯಲಿಲ್ಲ. ಅವರ ಪತ್ನಿ ಗುಲ್ ಬರ್ಧನರೂ, ಪ್ರಭಾತ್ ಗಂಗೂಲಿಯವರೇ ಮೊದಲಾದ ಸಂಗಡಿಗರೂ ‘ಪಂಚತಂತ್ರ’ವನ್ನು ಮುಗಿಸಿ ರಂಗಕ್ಕೆ ತಂದರು, ‘ರಾಮಾಯಣ’ವನ್ನು ಆಡುತ್ತಲೇ ಹೋದರು. ಮೇಳವು ೧೯೬೪ರಲ್ಲಿ ಗ್ವಾಲಿಯರಿಗೂ, ೧೯೮೪ರಲ್ಲಿ ಭೋಪಾಲಕ್ಕೂ ಬಿಡಾರ ಬದಲಿಸಿತು. ಹಳೆಯ ನರ್ತಕನು ಹೊಸಬನಿಗೆ ಹೇಳಿಕೊಟ್ಟು ಬೊಂಬೆಯ ನಡೆಯು ತಲೆಮಾರಿನಿಂದ ತಲೆಮಾರಿಗೆ ಸಾಗಿತು. ಗುಲ್ ಬರ್ಧನರಿಗೆ ಪದ್ಮಶ್ರೀ ದೊರೆತದ್ದು ೨೦೧೦ರಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಅವರು ತೀರಿಕೊಂಡರು. ಗಂಡನು ಮೇಳವನ್ನು ನಡೆಸಿದ್ದು ಎರಡು ವರ್ಷ. ಅವರು ಕಾಯ್ದದ್ದು ಐವತ್ತಾರು ವರ್ಷ. ನೃತ್ಯಚರಿತ್ರೆಯ ಪುಸ್ತಕಗಳಲ್ಲಿ ಮೊದಲನೆಯವರಿಗೆ ಮೀಸಲಾದ ಪುಟಗಳಲ್ಲಿ ಅರ್ಧದಷ್ಟಾದರೂ ಎರಡನೆಯವರಿಗೆ ಸಲ್ಲಬೇಕಾದುದು ನ್ಯಾಯ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಎಲ್ಲವನ್ನೂ ಕಾಯಬೇಕೇ? ಡಿಯಾಗಿಲೆವನು ಕಾಯುತ್ತ ಕುಳಿತಿದ್ದರೆ ಸ್ಟ್ರಾವಿನ್ಸ್ಕಿ ಪಿಕಾಸೊಗಳನ್ನು ರಂಗಕ್ಕೆ ತರುತ್ತಿದ್ದನೇ? ಆಕ್ಷೇಪವು ಯುಕ್ತವೇ. ಆದರೆ ಆರಿಸುವುದೂ ಕಾಯುವುದೂ ಒಬ್ಬನ ಕೈಯಲ್ಲಿಯೇ ಇರಬೇಕೆಂದು ನಾನು ಹೇಳುತ್ತಿಲ್ಲ. ಆರಿಸುವವನಿಗೆ ಮರೆಯುವ ಸ್ವಾತಂತ್ರ್ಯ ಬೇಕು. ಹಾಗಿದ್ದಲ್ಲಿ ಅವನ ಪಕ್ಕದಲ್ಲಿ ಮರೆಯದವನೊಬ್ಬನಿಗೆ ಸ್ಥಾನವೂ ಸಂಬಳವೂ ಮರ್ಯಾದೆಯೂ ಇರಬೇಕು. ೧೯೧೩ರಲ್ಲಿ ಕಳೆದುಹೋದದ್ದು ನಿಜಿನ್ಸ್ಕಿಯ ಪ್ರತಿಭೆಯ ಕೊರತೆಯಿಂದಲ್ಲ, ಬರೆದಿಟ್ಟುಕೊಳ್ಳುವ ಏರ್ಪಾಡಿನ ಕೊರತೆಯಿಂದ.

ಕೊನೆಯದಾಗಿ ನಮ್ಮ ಮನೆಯ ಮಾತು. ಹೊರನಾಡಿನ ನಗರಗಳಲ್ಲಿ ನಮ್ಮ ಸಂಘಗಳು ದಶಕಗಳಿಂದ ನಾಟಕ, ನೃತ್ಯರೂಪಕ, ಯಕ್ಷಗಾನಗಳನ್ನು ಆಡುತ್ತ ಬಂದಿವೆ. ಕೆಲವು ವರ್ಷಗಳ ಹಿಂದೆ ನಾನೂ ಸೇರಿದ್ದ ಒಂದು ಸಂಘದಲ್ಲಿ, ಹಿಂದೊಮ್ಮೆ ಹೆಸರು ಪಡೆದಿದ್ದ ನೃತ್ಯರೂಪಕವನ್ನು ಮತ್ತೆ ಆಡಬೇಕೆಂದು ನಿಶ್ಚಯಿಸಿದೆವು. ಹಾಡುಗಳ ಅಚ್ಚಿನ ಪುಸ್ತಕ ಸಿಕ್ಕಿತು. ಜಮಾಖರ್ಚಿನ ಪುಸ್ತಕ ಸಿಕ್ಕಿತು, ಬಾಡಿಗೆಯ ಹಾರ್ಮೋನಿಯಮ್ಮಿಗೆ ಕೊಟ್ಟ ಹಣವೂ ಅದರಲ್ಲಿತ್ತು. ಹೆಜ್ಜೆಗಳು ಎಲ್ಲಿಯೂ ಇರಲಿಲ್ಲ. ಆಡಿಸಿದವರು ತೀರಿಕೊಂಡಿದ್ದರು. ಅಂದು ಕುಣಿದಿದ್ದ ಹಿರಿಯ ಮಹಿಳೆಯೊಬ್ಬರನ್ನು ಹುಡುಕಿಕೊಂಡು ಹೋದಾಗ ಅವರು ಕುಳಿತಲ್ಲಿಂದಲೇ ಕೈಗಳಿಂದ ಒಂದು ಹಾಡಿನಷ್ಟು ತೋರಿಸಿ, ಮುಂದಿನದು ಹೊಳೆಯುವುದಿಲ್ಲವೆಂದರು. ಆ ಒಂದು ಹಾಡನ್ನು ಬರೆದುಕೊಂಡೆವು. ಉಳಿದುದನ್ನು ಹೊಸದಾಗಿ ಕಟ್ಟಿದೆವು.

ಹಣದ ಲೆಕ್ಕವನ್ನಿಡುವುದಕ್ಕೆ ಪ್ರತಿಯೊಂದು ಸಂಘದಲ್ಲಿಯೂ ಕೋಶಾಧಿಕಾರಿಯಿದ್ದಾನೆ. ಆಡಿದ ಆಟದ ಲೆಕ್ಕವನ್ನಿಡುವುದಕ್ಕೆ ಯಾರಿದ್ದಾರೆ? ಪ್ರತಿ ಪ್ರಯೋಗದ ರಂಗಪ್ರತಿ, ನಡೆಯ ಟಿಪ್ಪಣಿ, ಪಾತ್ರಧಾರಿಗಳ ಪಟ್ಟಿ, ಸಾಧ್ಯವಾದರೆ ಪೂರ್ಣವಾದೊಂದು ಚಿತ್ರೀಕರಣ ಇಷ್ಟನ್ನು ಕಾದಿಡುವ ಹೊಣೆಯನ್ನು ಪ್ರತಿ ಸಂಘವೂ ಒಬ್ಬ ಸದಸ್ಯನಿಗೆ ಒಪ್ಪಿಸಿ, ಅವನ ಅವಧಿ ಮುಗಿದಾಗ ಮುಂದಿನವನಿಂದ ರುಜು ಪಡೆಯುವ ಪದ್ಧತಿಯನ್ನು ಆರಂಭಿಸಬಹುದು. ಇದಕ್ಕೆ ಹೆಚ್ಚು ಹಣ ಬೇಡ. ಅಂದು ನಮಗೆ ಕೈಸನ್ನೆಯಿಂದ ಒಂದು ಹಾಡನ್ನು ತೋರಿಸಿದ ಆ ಮಹಿಳೆಯೂ ಈಗ ಇಲ್ಲ. ಅವರು ತೋರಿಸಿದ್ದು ಮಾತ್ರ ನಮ್ಮ ಪುಸ್ತಕದಲ್ಲಿ ಎರಡು ಪುಟದಷ್ಟು ಇದೆ.